ರಕ್ತದಲ್ಲಿ ಕಬ್ಬಿಣದ ಅಂಶ ಹೆಚ್ಚಾದರೆ

'ರಕ್ತ ಕಡಿಮೆ' ಎಂಬ ಮಾತು ಹುಲೇಕಲ್ ಸುತ್ತಿನ ಹಳ್ಳಿಗಳಿಗೆ ಹೊಸದಲ್ಲ. ರಕ್ತಹೀನತೆಯನ್ನು ತಡೆಯಲು 1970ರಲ್ಲಿಯೇ ಸರ್ಕಾರವು ಕಬ್ಬಿಣದ ಮಾತ್ರೆ ಹಂಚುವ ಕಾರ್ಯಕ್ರಮವನ್ನು ಆರಂಭಿಸಿತು. ಹೀಗಿರುವಾಗ ರಕ್ತಪರೀಕ್ಷೆಯ ವರದಿಯಲ್ಲಿ 'ಕಬ್ಬಿಣ ಹೆಚ್ಚು' ಎಂದಿದ್ದರೆ ಕೆಲವರು ಹಿಗ್ಗುವರು, ಕೆಲವರು ಗಾಬರಿಗೊಳ್ಳುವರು. ಎರಡೂ ಸರಿಯಲ್ಲ. ಕಾರಣವನ್ನು ತಿಳಿಯುವುದು ಮುಖ್ಯ.

ಹೆಚ್ಚಾದರೆ ಏನಾಗುತ್ತದೆ?

ವಯಸ್ಕರ ದೇಹದಲ್ಲಿ ಸುಮಾರು 3ರಿಂದ 4 ಗ್ರಾಂ ಕಬ್ಬಿಣವಿರುತ್ತದೆ. ಆಹಾರದಿಂದ ದಿನಕ್ಕೆ 1ರಿಂದ 2 ಮಿಲಿಗ್ರಾಂ ಮಾತ್ರ ರಕ್ತಕ್ಕೆ ಸೇರುತ್ತದೆ. ಸುಮಾರು ಅಷ್ಟೇ ನಷ್ಟವಾಗುತ್ತದೆ. ಮಿಕ್ಕುದನ್ನು ಹೊರಹಾಕುವ ಬೇರೆ ದಾರಿ ದೇಹಕ್ಕಿಲ್ಲ. ಕೋಡಿಯಿಲ್ಲದ ಕೆರೆಯಂತೆ ಅದು ಒಳಗೇ ನಿಲ್ಲುತ್ತದೆ. ವರ್ಷಗಟ್ಟಲೆ ಹೀಗೆ ಸಂಗ್ರಹವಾದ ಕಬ್ಬಿಣವು ಯಕೃತ್ತು, ಹೃದಯ ಮತ್ತು ಗ್ರಂಥಿಗಳನ್ನು ಕೆಡಿಸಿ, ಸಕ್ಕರೆ ಕಾಯಿಲೆಗೂ ಸಂತಾನಶಕ್ತಿಯ ಕುಂದಿಗೂ ಕಾರಣವಾಗಬಹುದು. ಮುಟ್ಟಿನಲ್ಲಿ ಕಬ್ಬಿಣವು ಹೊರಹೋಗುವುದರಿಂದ ಸ್ತ್ರೀಯರಲ್ಲಿ ಈ ತೊಂದರೆ ಸಾಮಾನ್ಯವಾಗಿ ತಡವಾಗಿ ಕಾಣಿಸುತ್ತದೆ.

ವರದಿಯನ್ನು ಹೇಗೆ ತಿಳಿಯಬೇಕು?

ರಕ್ತದಲ್ಲಿನ ಕಬ್ಬಿಣದ ಮಟ್ಟವು ದಿನದ ವೇಳೆಗೆ ತಕ್ಕಂತೆ ಏರಿಳಿಯುತ್ತದೆ. ಮಾತ್ರೆ ನುಂಗಿದ ಕೆಲವು ಗಂಟೆಗಳವರೆಗೂ ಏರಿರುತ್ತದೆ. ಆದುದರಿಂದ ಒಂದೇ ಅಂಕಿಯನ್ನು ನಂಬಬಾರದು. ಕಬ್ಬಿಣದ ದಾಸ್ತಾನನ್ನು ಸೂಚಿಸುವುದು ಫೆರಿಟಿನ್ ಪರೀಕ್ಷೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆಯಂತೆ, ಆರೋಗ್ಯವಂತರಾಗಿ ಕಾಣುವವರಲ್ಲಿ ಫೆರಿಟಿನ್ ಪ್ರತಿ ಲೀಟರಿಗೆ ಮುಟ್ಟಾಗುವ ಸ್ತ್ರೀಯರಿಗೆ 150, ಪುರುಷರಿಗೆ 200 ಮೈಕ್ರೋಗ್ರಾಂ ಮೀರಿದರೆ ಕಬ್ಬಿಣ ಹೆಚ್ಚಿರುವ ಶಂಕೆ ಪಡಬೇಕು. ಆದರೆ ಜ್ವರ, ಸೋಂಕು, ಮದ್ಯಪಾನ, ಯಕೃತ್ತಿನ ಕೊಬ್ಬು ಇವುಗಳಿಂದಲೂ ಫೆರಿಟಿನ್ ಏರುತ್ತದೆ. ಹೀಗಾಗಿ ವೈದ್ಯರು ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಎಂಬ ಪರೀಕ್ಷೆಯನ್ನೂ ಮಾಡಿಸುವರು.

ರಕ್ತ ಕಡಿಮೆ, ಕಬ್ಬಿಣ ಹೆಚ್ಚು!

ಇವೆರಡೂ ಒಬ್ಬರಲ್ಲಿಯೇ ಇರಬಹುದು. ಥಲಸ್ಸೀಮಿಯಾ ಎಂಬ ಆನುವಂಶಿಕ ದೋಷದ ವಾಹಕರಲ್ಲಿ ರಕ್ತಕಣಗಳು ಚಿಕ್ಕವಾಗಿದ್ದು, ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆಯಿರುತ್ತದೆ. ಕಬ್ಬಿಣಕ್ಕೆ ಮಾತ್ರ ಕೊರತೆಯಿರದು. ಅಂಥವರಿಗೆ ಬರಿಯ ಮಾತ್ರೆಯಿಂದ ರಕ್ತ ಏರದು. ವಾಹಕರಾದವರು ರೋಗಿಗಳಲ್ಲ, ಎಲ್ಲರಂತೆ ಬಾಳಬಲ್ಲರು. ಆದರೆ ಪತಿ, ಪತ್ನಿ ಇಬ್ಬರೂ ವಾಹಕರಾಗಿದ್ದರೆ, ಪ್ರತಿಯೊಂದು ಗರ್ಭದಲ್ಲಿಯೂ ಮಗುವಿಗೆ ತೀವ್ರ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಅಂಥ ಮಗುವಿಗೆ ಪದೇ ಪದೇ ರಕ್ತ ಕೊಡಬೇಕಾಗುತ್ತದೆ. ಒಂದು ಬಾಟಲಿ ರಕ್ತದೊಡನೆ ಸುಮಾರು 200 ಮಿಲಿಗ್ರಾಂ ಕಬ್ಬಿಣವು ದೇಹಕ್ಕೆ ಸೇರುವುದರಿಂದ, ಅದನ್ನು ತೆಗೆಯಲು ಪ್ರತ್ಯೇಕ ಔಷಧಿಯೂ ಬೇಕು. ಇದಕ್ಕೆ ಯಾರೂ ತಪ್ಪುಗಾರರಲ್ಲ. ಸೊಸೆಯನ್ನು ಮಾತ್ರ ದೂಷಿಸುವುದು ಅಜ್ಞಾನ. ರೋಗ ಬರಲು ತಂದೆಯ ಪಾಲೂ ತಾಯಿಯ ಪಾಲೂ ಸಮ. ಗರ್ಭ ಧರಿಸುವ ಮುನ್ನ, ಇಲ್ಲವೆ ಗರ್ಭದ ಮೊದಲ ತಿಂಗಳುಗಳಲ್ಲಿಯೇ, ಇಬ್ಬರೂ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಜಾಣತನ.

ನೆನಪಿಡಬೇಕಾದ ಮಾತುಗಳು

1. ವರದಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿರಿ. ನುಂಗುತ್ತಿರುವ ಮಾತ್ರೆ, ಟಾನಿಕ್, ನಾಟಿ ಔಷಧಿ ಎಲ್ಲವನ್ನೂ ತಿಳಿಸಿರಿ.

2. ಗರ್ಭಿಣಿಯರು ತಾವಾಗಿ ಮಾತ್ರೆ ನಿಲ್ಲಿಸಬಾರದು. 180 ದಿನಗಳ ಮಾತ್ರೆ ತಾಯಿ, ಮಗು ಇಬ್ಬರಿಗೂ ರಕ್ಷೆ. ನಿಲ್ಲಿಸಬೇಕೇ ಎಂಬುದನ್ನು ವೈದ್ಯರೇ ಹೇಳಲಿ.

3. ಕಬ್ಬಿಣ ಹೆಚ್ಚಿದೆಯೆಂದು ಖಚಿತವಾದವರು ಮದ್ಯವನ್ನು ಬಿಡಬೇಕು. ಕಬ್ಬಿಣದ ಟಾನಿಕ್ಕನ್ನೂ 'ಸಿ' ಜೀವಸತ್ವದ ಮಾತ್ರೆಯನ್ನೂ ತಾವಾಗಿ ಸೇವಿಸಬಾರದು. ಹರಿವೆ, ಬಸಳೆ ಸೊಪ್ಪುಗಳಿಗೆ ಹೆದರಬೇಕಾಗಿಲ್ಲ.

4. ಮಾತ್ರೆಗಳನ್ನು ಮಕ್ಕಳ ಕೈಗೆ ಸಿಗದಂತೆ ಎತ್ತರದಲ್ಲಿಡಿರಿ. ಮಗು ಮಿಠಾಯಿಯೆಂದು ಹಲವು ಮಾತ್ರೆಗಳನ್ನು ನುಂಗಿದರೆ ಪ್ರಾಣಾಪಾಯವುಂಟು. ಒಡನೆಯೇ ಆಸ್ಪತ್ರೆಗೆ ಒಯ್ಯಿರಿ.

ಕಬ್ಬಿಣವು ಕಡಿಮೆಯಾದರೂ ಕೆಡುಕು, ಮಿತಿಮೀರಿದರೂ ಕೆಡುಕು. ಎಷ್ಟಿದೆಯೆಂದು ಪರೀಕ್ಷೆಯಿಂದ ತಿಳಿದು, ಪತಿಪತ್ನಿಯರು ಜೊತೆಯಾಗಿ ವೈದ್ಯರ ಸಲಹೆ ಪಡೆದು ನಡೆಯುವುದೇ ಸುಖೀ ಕುಟುಂಬಕ್ಕೆ ದಾರಿ.