ಮೈಸೂರು ಮೈನ್ಸ್ ಸೀಮೆಯಲ್ಲಿ ಒಂದು ರಾತ್ರಿ: ಕೋಣೆಯ ಬಾಡಿಗೆ, ಕಾರಿನ ಜಾಗ

ಕಾರಿನಲ್ಲಿ ಬಂದವರು ಲಾಡ್ಜಿಗೆ ಕೊಡುವ ಬಾಡಿಗೆಯಲ್ಲಿ ಮಲಗುವ ಹಾಸಿಗೆಯ ಬೆಲೆಯ ಜೊತೆಗೆ ಗಾಡಿ ನಿಲ್ಲುವ ಜಾಗದ ಬೆಲೆಯೂ ಸೇರಿರುತ್ತದೆಯಾದರೂ, ಕೌಂಟರಿನ ಹಿಂದೆ ತೂಗುಹಾಕಿದ ದರಪಟ್ಟಿಯಲ್ಲಿ ಸಿಂಗಲ್, ಡಬಲ್, ಎ.ಸಿ., ನಾನ್ ಎ.ಸಿ. ಎಂಬ ವಿಂಗಡಣೆಯನ್ನು ಬಿಟ್ಟರೆ ಈ ಎರಡನೆಯದರ ಸುಳಿವೇ ಇರುವುದಿಲ್ಲ. ಹೀಗಾಗಿ ಬಾಡಿಗೆಯನ್ನು ಹತ್ತು ಕಡೆ ವಿಚಾರಿಸಿ ಹೋಲಿಸುವ ಜಾಗರೂಕ ಪ್ರವಾಸಿಗರು ಕೂಡ ಜಾಗದ ಲೆಕ್ಕವನ್ನು ಮರೆತೇಬಿಡುತ್ತಾರೆ. ಕೋಲಾರ ಜಿಲ್ಲೆಯ ಕೆಜಿಎಫ್ ಮತ್ತು ಬಂಗಾರಪೇಟೆಗಳಲ್ಲಿ ಉಳಿದುಕೊಂಡಿರುವ ಹಳೆಯ ಲಾಡ್ಜುಗಳು ಈ ಲೆಕ್ಕವನ್ನು ಬಿಡಿಸಿ ನೋಡಲು ತಕ್ಕ ಸ್ಥಳಗಳಾಗಿವೆ, ಏಕೆಂದರೆ ಕೈಗೆಟಕುವ ಬಾಡಿಗೆ ಮತ್ತು ವಿಶಾಲವಾದ ಅಂಗಳ ಇವೆರಡೂ ಒಂದೇ ಗೇಟಿನೊಳಗೆ ಸಿಗುವುದು ಇಲ್ಲಿ ಇನ್ನೂ ಪೂರ್ತಿ ನಿಂತಿಲ್ಲ. ಪ್ರಸ್ತುತ ಲೇಖಕ ಕೆಲವು ವರ್ಷಗಳಿಂದ ಬಂಧುಗಳ ಮನೆಯ ಕಾರ್ಯಗಳಿಗೆಂದು ಈ ಕಡೆ ಹೋಗಿಬರುತ್ತಿರುವುದರಿಂದ, ಮುಂದಿನ ವಿವೇಚನೆಗೆ ಜೋಪಾನ ಮಾಡಿಟ್ಟ ರಸೀದಿಗಳೂ ಕೈಯಿಂದ ಹಣ ತೆರಿಸಿದ ಒಂದು ಎಡವಟ್ಟೂ ಆಧಾರವಾಗಿವೆ.

ಈ ಊರುಗಳಿಗೆ ಲಾಡ್ಜು ಹೇಗೆ ಬಂತೆಂಬುದನ್ನು ಅರಿಯಲು ಚಿನ್ನದ ಗಣಿಯ ಕಡೆಗೇ ನೋಡಬೇಕಾಗುತ್ತದೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಗಣಿಗಾರಿಕೆಗೆ ಕೈಹಾಕಿದ ಮೇಲೆ ಮೈಸೂರು ಮೈನ್ಸ್, ಚಾಂಪಿಯನ್ ರೀಫ್, ಊರ್ಗಾಂ, ನಂದಿದುರ್ಗ ಗಣಿಗಳು ಒಂದರ ಮಗ್ಗುಲಲ್ಲಿ ಒಂದು ಬೆಳೆದವು. ಮದರಾಸು ಮಾರ್ಗದ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ಕವಲು ರೈಲುಮಾರ್ಗ ಬಂತು, 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತೂ ಬಂತು. ಅಧಿಕಾರಿಗಳಿಗೆ ಕಂಪನಿಯ ಬಂಗಲೆಗಳಿದ್ದವು, ಕಾರ್ಮಿಕರಿಗೆ ಲೈನುಗಳಿದ್ದವು (ಗೋಡೆಗೆ ಗೋಡೆ ಅಂಟಿಕೊಂಡ ಸಾಲುಮನೆಗಳಿಗೆ ಇಲ್ಲಿ ಇಂದಿಗೂ ಲೈನ್ ಎಂದೇ ಹೆಸರು). ಈ ಎರಡಕ್ಕೂ ಸೇರದ ವರ್ತಕರು, ಏಜೆಂಟರು ಮತ್ತು ರೈಲು ಬದಲಿಸುವವರು ತಂಗಲು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಬಜಾರಿನ ಆಸುಪಾಸಿನಲ್ಲಿಯೂ ಬಂಗಾರಪೇಟೆಯ ಸ್ಟೇಷನ್ ಬದಿಯಲ್ಲಿಯೂ ಬೋರ್ಡಿಂಗ್ ಅಂಡ್ ಲಾಡ್ಜಿಂಗ್, ಅಂದರೆ ಊಟ ಮತ್ತು ವಸತಿ ಒಂದೇ ಸೂರಿನಡಿ ಸಿಗುವ ವ್ಯವಸ್ಥೆ ನೆಲೆಗೊಂಡಿತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಗಣಿಗಳನ್ನು ಮುಚ್ಚಿದ ಬಳಿಕ ಊರಿನ ದುಡಿಯುವ ಜನ ನಸುಕಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಕತ್ತಲಾದ ಮೇಲೆ ಮರಳುವವರಾದರು, ಗಣಿಯ ವ್ಯವಹಾರಕ್ಕೆಂದು ಬರುತ್ತಿದ್ದವರ ದಾರಿ ಬರಿದಾಯಿತು. ಈಗ ಈ ಲಾಡ್ಜುಗಳ ಕದ ತಟ್ಟುವವರು ಬೇರೆಯವರು: ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಬಂದ ಭಕ್ತರು, 2018ರ ‘ಕೆಜಿಎಫ್’ ಚಿತ್ರ ನೋಡಿ ಕುತೂಹಲದಿಂದ ಬಂದ ಹುಡುಗರು, ಮತ್ತು ಇವರೆಲ್ಲರಿಗಿಂತ ಹೆಚ್ಚು ಗಮನಕ್ಕೆ ಅರ್ಹರಾದವರೆಂದರೆ ಗಣಿ ಮುಚ್ಚಿದ ಮೇಲೆ ಊರು ಬಿಟ್ಟು ಹೋಗಿ, ಮದುವೆಗೋ ಮಣ್ಣಿಗೋ ಕ್ರಿಸ್‌ಮಸ್ಸಿಗೋ ಸಂಸಾರಸಮೇತ ಕಾರಿನಲ್ಲಿ ಮರಳಿ ಬರುವವರು. ಅಣ್ಣನೋ ಅತ್ತೆಯೋ ಇನ್ನೂ ವಾಸವಿರುವ ಲೈನ್ ಮನೆಯಲ್ಲಿ ಊಟಕ್ಕೆ ಎಲೆ ಹಾಕಲು ಜಾಗ ಮಾಡಿಕೊಳ್ಳಬಹುದೇ ಹೊರತು ನಾಲ್ಕು ಜನರನ್ನು ಮಲಗಿಸಲು, ಗಲ್ಲಿಯಲ್ಲಿ ಕಾರು ನಿಲ್ಲಿಸಲು ಆಗುವುದಿಲ್ಲ. ಅವರಿಗೆ ಲಾಡ್ಜು ಮೋಜಿನ ಖರ್ಚಲ್ಲ, ತವರಿಗೆ ಹೋಗಿಬರುವ ಖರ್ಚಿನ ಒಂದು ಭಾಗ.

ಕಾರಿನವರಿಗಾಗಿಯೇ ಕಟ್ಟಿದ ವಸತಿಗೃಹಕ್ಕೆ ಮೋಟೆಲ್ ಎಂಬ ಹೆಸರು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1925ರಲ್ಲಿ ಹುಟ್ಟಿತು. ಮೋಟರ್ ಮತ್ತು ಹೋಟೆಲ್ ಪದಗಳನ್ನು ಬೆಸೆದು ಮಾಡಿದ ಹೆಸರದು. ಕೋಲಾರ ಸೀಮೆಯ ಹಳೆಯ ಲಾಡ್ಜನ್ನು ಕಟ್ಟಿದವರ ಮನಸ್ಸಿನಲ್ಲಿ ಕಾರು ಇದ್ದಿರಲಾರದು, ಅವರು ಬಾವಿಗೂ ಬಟ್ಟೆ ಒಣಹಾಕಲಿಕ್ಕೂ ಸರಕಿನ ಗಾಡಿ ತಿರುಗಿಸಲಿಕ್ಕೂ ಅಂಗಳ ಬಿಟ್ಟರೆನ್ನಬೇಕು; ಆ ಅಂಗಳವೇ ಇಂದು ಕಾರಿನವರ ಭಾಗ್ಯವಾಗಿ ಪರಿಣಮಿಸಿದೆ.

ಉಳಿಯಬೇಕೆ ಅಥವಾ ರಾತ್ರಿಯೇ ಮನೆಗೆ ಮರಳಿ ಮಾರನೆಯ ದಿನ ಮತ್ತೆ ಬರಬೇಕೆ ಎಂಬುದು ಬೆಂಗಳೂರಿನಿಂದ ಎರಡು ದಿನದ ಕಾರ್ಯಕ್ಕೆ ಹೋಗುವ ಪ್ರತಿಯೊಂದು ಕುಟುಂಬದಲ್ಲಿಯೂ ಏಳುವ ಪ್ರಶ್ನೆಯಾಗಿದ್ದು, ಅದನ್ನು ಕಾಗದದ ಮೇಲೆ ಬರೆದು ನೋಡುವುದು ಒಳ್ಳೆಯದು. ಬೆಂಗಳೂರಿನಿಂದ ಕೆಜಿಎಫ್‌ಗೆ ಸುಮಾರು 100 ಕಿಲೋಮೀಟರ್, ಹೋಗಿಬರಲು 200. ಕಾರು ಲೀಟರಿಗೆ 15 ಕಿಲೋಮೀಟರ್ ಕೊಡುತ್ತದೆಂದೂ ಪೆಟ್ರೋಲಿಗೆ 103 ರೂಪಾಯಿಯೆಂದೂ ಇಟ್ಟುಕೊಂಡರೆ ಒಂದು ಹೆಚ್ಚುವರಿ ಓಡಾಟಕ್ಕೆ ಇಂಧನವೊಂದೇ ಸುಮಾರು 1,370 ರೂಪಾಯಿ ನುಂಗುತ್ತದೆ, ಟೋಲ್ ಬೇರೆ, ನಾಲ್ಕೈದು ಗಂಟೆಯ ಸಮಯ ಬೇರೆ. 1,000 ರೂಪಾಯಿ ಬಾಡಿಗೆಯ ಕೋಣೆಯಲ್ಲಿ ಗಂಡ ಹೆಂಡತಿ ಮಗು ಉಳಿದರೆ, ಉಳಿಯುವುದೇ ಅಗ್ಗ. ಆದರೆ ಎರಡು ಕೋಣೆ ಬೇಕಾಗುವ ದೊಡ್ಡ ಕುಟುಂಬಕ್ಕೆ ಬರೀ ಹಣದ ದೃಷ್ಟಿಯಿಂದ ಲೆಕ್ಕ ತಿರುಗಿಬೀಳುತ್ತದೆಂಬುದನ್ನು ಒಪ್ಪಲೇಬೇಕು. ಅಂಥವರು ಎಕ್ಸ್‌ಟ್ರಾ ಬೆಡ್ ಎಂದು ಕರೆಯಲಾಗುವ, ನೆಲದ ಮೇಲೆ ಹಾಸಿಕೊಡುವ ಹಾಸಿಗೆಯ ದರವನ್ನು ಮೊದಲೇ ಕೇಳಿ, ಸಾಧ್ಯವಾದರೆ ಒಂದೇ ದೊಡ್ಡ ಕೋಣೆಯಲ್ಲಿ ಹೊಂದಿಕೊಳ್ಳುವುದು ಲೇಸು.

ಇಲ್ಲಿ ಎರಡು ಗಡಿಯಾರಗಳು ಒಟ್ಟಿಗೆ ಓಡುತ್ತವೆ. ಮೊದಲನೆಯದು ಲಾಡ್ಜಿನದು: ಹೊಸ ಹೋಟೆಲುಗಳಲ್ಲಿ ಯಾವಾಗಲೇ ಬಂದರೂ ಮರುದಿನ ಬೆಳಿಗ್ಗೆ 11ಕ್ಕೋ ಮಧ್ಯಾಹ್ನ 12ಕ್ಕೋ ಕೋಣೆ ಬಿಡಬೇಕು, ಆದರೆ ಹೊತ್ತುಗೊತ್ತಿಲ್ಲದೆ ರೈಲು ಬರುವ ಜಂಕ್ಷನ್ ಊರುಗಳ ಹಳೆಯ ಲಾಡ್ಜುಗಳಲ್ಲಿ 24 ಗಂಟೆಯ ಚೆಕ್‌ಔಟ್, ಅಂದರೆ ಕೋಣೆ ಹಿಡಿದ ಗಳಿಗೆಯಿಂದ ಪೂರ್ತಿ ಒಂದು ದಿನದ ಬಾಡಿಗೆ ಎಂಬ ಕ್ರಮ ಉಳಿದಿರುತ್ತದೆ. ರಾತ್ರಿ 9ಕ್ಕೆ ಬಂದು ಮರುದಿನ ಸಂಜೆ ಆರತಕ್ಷತೆಗೆ ಬಟ್ಟೆ ಬದಲಿಸಿ ಹೊರಡುವವರಿಗೆ ಮೊದಲ ಕ್ರಮದಲ್ಲಿ ಎರಡು ದಿನದ ಬಾಡಿಗೆ ಬೀಳುತ್ತದೆ, ಎರಡನೆಯದರಲ್ಲಿ ಒಂದೇ. ಇನ್ನೊಂದು ಗಡಿಯಾರ ಹೆದ್ದಾರಿಯದು: ಹೊಸಕೋಟೆ, ಕೋಲಾರದ ಹಳೆಯ ದಾರಿಯ ಟೋಲ್ ದಾಟಿದ 24 ಗಂಟೆಯೊಳಗೆ ಅದೇ ಟೋಲಿನಲ್ಲಿ ಹಿಂದಿರುಗಿದರೆ ಎರಡೂ ಸಲ ಸೇರಿ ಒಂದೂವರೆ ಪಟ್ಟು ಶುಲ್ಕ ಮಾತ್ರ ಫಾಸ್ಟ್ಯಾಗಿನಿಂದ ಕಡಿತವಾಗಬೇಕೆಂಬುದು ನಿಯಮ. ಲಾಡ್ಜಿನ ಗಡಿಯಾರ ಟೋಲಿನದಕ್ಕಿಂತ ಒಂದೆರಡು ಗಂಟೆ ತಡವಾಗಿ ಶುರುವಾಗುವುದರಿಂದ, ಕೋಣೆಯ ಅವಧಿ ಪೂರ್ತಿ ಮುಗಿಸಿ ಹೊರಟವರಿಗೆ ಟೋಲಿನ ರಿಯಾಯಿತಿ ತಪ್ಪುತ್ತದೆ. ಆದರೆ ಉಳಿಯುವುದು ಹತ್ತಾರು ರೂಪಾಯಿಗಳಷ್ಟೇ ಆದ್ದರಿಂದ ಅದಕ್ಕಾಗಿ ಊಟ ಬಿಟ್ಟು ಓಡುವುದು ತರವಲ್ಲ.

ಅಂಗಳವನ್ನು ಹತ್ತಿರದಿಂದ ನೋಡಬೇಕು. ಲೇಖಕ ಹೆಚ್ಚಾಗಿ ತಂಗಿದ ಲಾಡ್ಜಿನಲ್ಲಿ ಎರಡು ಕದಗಳ ಕಬ್ಬಿಣದ ಗೇಟಿಗೆ ರಾತ್ರಿ ಹತ್ತೂವರೆಗೆ ಸರಪಳಿ ಸುತ್ತಿ ಬೀಗ ಹಾಕುತ್ತಿದ್ದರು; ಒಳಗೆ ಸಿಮೆಂಟ್ ಕಿತ್ತುಹೋದ ನೆಲ, ಒಂದು ಬದಿ ತಗಡಿನ ಮಾಡು, ಅದರ ಕೆಳಗೆ ಮೂರು ಕಾರಿಗೆ ನೆರಳು, ಉಳಿದವಕ್ಕೆ ಬೇವಿನ ಮರ. ನೀರೊಲೆಯ ಪಕ್ಕದಲ್ಲಿ ಟ್ಯಾಕ್ಸಿ ಚಾಲಕರಿಗೆಂದು ಎರಡು ಮಂಚ ಹಾಕಿದ್ದು, ಅದಕ್ಕೆ ಬೇರೆ ಹಣ ಕೇಳುತ್ತಿರಲಿಲ್ಲವಾದ್ದರಿಂದ ಬಾಡಿಗೆ ಕಾರಿನಲ್ಲಿ ಬಂದವರಿಗೆ ಚಾಲಕನ ವಸತಿಯ ಖರ್ಚೂ ಉಳಿಯುತ್ತಿತ್ತು. ಮಾಡಿನ ಬೆಲೆ ಎಷ್ಟೆಂಬುದು ಬೇಸಿಗೆಯಲ್ಲಿ ಗೊತ್ತಾಗುತ್ತದೆ. ಚಿನ್ನ ತೆಗೆದುಳಿದ ಅದಿರಿನ ಹುಡಿಯನ್ನು ನೂರಕ್ಕೂ ಹೆಚ್ಚು ವರ್ಷ ಸುರಿದು ಬೆಳೆದ ದಿಬ್ಬಗಳು, ಊರಿನವರ ಬಾಯಲ್ಲಿ ಸೈನೈಡ್ ಗುಡ್ಡಗಳು, ಇಲ್ಲಿ 13 ಇದ್ದು ಅವುಗಳಲ್ಲಿರುವ ಹುಡಿ ಸುಮಾರು 3.3 ಕೋಟಿ ಟನ್ನೆಂದು ಅಂದಾಜಿಸಲಾಗಿದೆ. ಗಾಳಿಯೆದ್ದ ದಿನ ಆ ನುಣುಪಾದ ಬಿಳಿಬೂದು ಧೂಳು ಬಯಲಲ್ಲಿ ನಿಂತ ಕಾರಿನ ಗಾಜಿನ ಮೇಲೆ ಹಿಟ್ಟು ಜರಡಿ ಹಿಡಿದಂತೆ ಕೂರುತ್ತದೆ. ಅದು ಪುಡಿಯಾದ ಕಲ್ಲೇ ಆದ್ದರಿಂದ ಒಣಗಾಜಿನ ಮೇಲೆ ವೈಪರ್ ಆಡಿಸಿದರೆ ಗೀರು ಬೀಳುವುದು ಸಹಜ. ಒಂದು ಬಕೆಟ್ ನೀರು ಕೇಳಿ ಮೊದಲು ಹೊಯ್ಯಬೇಕು. ಕೈಯಲ್ಲಿ ಒರೆಸಿಕೊಳ್ಳುವ ನಮಗೆ ಇದು ಒಂದು ದಿನದ ಕಾಟ, ಗುಡ್ಡದ ಬುಡದಲ್ಲಿ ಬಾಳುವವರಿಗೆ ಉಸಿರಿನ ಪಾಡು ಎಂಬುದನ್ನು ಕಾರಿನ ಗಾಜಿನ ಚಿಂತೆಯಲ್ಲಿ ಮರೆಯಬಾರದು.

ಇನ್ನು ಕೀಲಿಕೈಯ ವಿಚಾರ. “ಗಾಡಿ ಒಳಗಡೆ ಹಾಕ್ಬಿಡಿ ಸಾರ್, ಕೀ ನಿಮ್ಮತ್ರಾನೇ ಇರ್ಲಿ” ಎಂದು ಮ್ಯಾನೇಜರು ಹೇಳುವ ಲಾಡ್ಜಿನಲ್ಲಿ ನಿಶ್ಚಿಂತೆಯಿಂದಿರಬಹುದು, ಏಕೆಂದರೆ ಒಂದು ಕಾರಿಗೆ ಇನ್ನೊಂದು ಅಡ್ಡವಾಗದಷ್ಟು ಜಾಗ ಅಲ್ಲಿದೆಯೆಂದು ಆ ಮಾತಿನಿಂದಲೇ ತಿಳಿಯುತ್ತದೆ. ಜಾಗ ಸಾಲದ ಕಡೆ ಕೀ ಕೌಂಟರಿನಲ್ಲಿ ಬಿಡಿ ಎನ್ನುತ್ತಾರೆ. ಅಂಥದೊಂದು ಲಾಡ್ಜಿನಲ್ಲಿ, ಅದು ಈ ಸೀಮೆಯದೇ ಎಂಬುದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ, ನಸುಕಿನಲ್ಲಿ ಹೊರಡುವವರಿಗೆ ದಾರಿ ಮಾಡಿಕೊಡಲೆಂದು ಯಾರೋ ಲೇಖಕನ ಕಾರನ್ನು ಹಿಂದಕ್ಕೆ ತೆಗೆದಾಗ ಹಿಂಬದಿಯ ಬಂಪರು ಕಲ್ಲುಕಂಬಕ್ಕೆ ಉಜ್ಜಿ ಬಿರುಕುಬಿಟ್ಟಿತು. ಟೋಕನ್ ಇರಲಿಲ್ಲ, ರಿಜಿಸ್ಟರಿನಲ್ಲಿ ಗಾಡಿಯ ಸಂಖ್ಯೆ ಬರೆದಿರಲಿಲ್ಲ, ಕಾರು ಬರುವಾಗಲೇ ಹೀಗಿತ್ತೇನೋ ಎಂಬ ಮಾತಿಗೆ ತೋರಿಸಲು ಒಂದು ಫೋಟೋ ಕೂಡ ಇರಲಿಲ್ಲ. ಕಾನೂನು ಇಂಥ ಕಡೆ ಕೈಬಿಡುವುದಿಲ್ಲ: ಒಬ್ಬರ ವಸ್ತುವನ್ನು ಒಂದು ಉದ್ದೇಶಕ್ಕಾಗಿ ಇನ್ನೊಬ್ಬರ ವಶಕ್ಕೆ ಕೊಟ್ಟು ಹಿಂಪಡೆಯುವ ವ್ಯವಹಾರವನ್ನು 1872ರ ಭಾರತೀಯ ಒಪ್ಪಂದ ಕಾಯ್ದೆ ಬೇಲ್‌ಮೆಂಟ್ ಎಂದು ಕರೆದು, ವಶಕ್ಕೆ ಪಡೆದವರು, ಸಾಮಾನ್ಯ ವಿವೇಕವುಳ್ಳವರು ತಮ್ಮ ವಸ್ತುವನ್ನು ನೋಡಿಕೊಳ್ಳುವಷ್ಟೇ ಎಚ್ಚರ ವಹಿಸಬೇಕೆಂದು ವಿಧಿಸುತ್ತದೆ, 1998ರಲ್ಲಿ ದೆಹಲಿಯ ಹೋಟೆಲೊಂದರಿಂದ ಕಳುವಾದ ಕಾರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2019ರ ನವೆಂಬರ್ 14ರಂದು, ಕೀಲಿಕೈ ಪಡೆದು ಕಾರನ್ನು ವಶಕ್ಕೆ ತೆಗೆದುಕೊಂಡ ಹೋಟೆಲು ‘ಮಾಲೀಕರ ಹೊಣೆಯಲ್ಲಿ ನಿಲುಗಡೆ’ ಎಂದು ಚೀಟಿಯಲ್ಲಿ ಅಚ್ಚುಹಾಕಿದ ಮಾತ್ರಕ್ಕೆ ತನ್ನ ನಿರ್ಲಕ್ಷ್ಯದ ಹೊಣೆಯಿಂದ ಪಾರಾಗಲಾರದೆಂದು ತೀರ್ಪಿತ್ತಿತು. ಆದರೆ ವಶಕ್ಕೆ ಕೊಟ್ಟದ್ದೇ ಬರಹದಲ್ಲಿ ಇಲ್ಲದಿದ್ದರೆ ತೀರ್ಪು ಉಪಯೋಗಕ್ಕೆ ಬರುವುದು ಕಷ್ಟ.

ಬಂಪರಿನ ರಿಪೇರಿಗೆ 3,500 ರೂಪಾಯಿ ತಗುಲಿತು. ವಿಮೆ ಇದ್ದೂ ಅದನ್ನು ಕೇಳದಿದ್ದುದಕ್ಕೆ ಕಾರಣವಿದೆ. ಕ್ಲೇಮ್ ಮಾಡದ ವರ್ಷಗಳಿಗೆ ಪ್ರತಿಯಾಗಿ ಸ್ವಂತ ಹಾನಿಯ ಪ್ರೀಮಿಯಮ್ಮಿನಲ್ಲಿ ಕೊಡುವ ರಿಯಾಯಿತಿಗೆ ನೋ ಕ್ಲೇಮ್ ಬೋನಸ್ ಎಂದು ಹೆಸರು. ಅದು ಮೊದಲ ವರ್ಷದ ನಂತರ ಶೇ. 20, ಬಳಿಕ 25, 35, 45 ಎಂದು ಏರುತ್ತ ಐದು ವರ್ಷಕ್ಕೆ ಶೇ. 50 ಮುಟ್ಟುತ್ತದೆ, ಒಂದು ಕ್ಲೇಮಿಗೆ ಸೊನ್ನೆಗೆ ಇಳಿಯುತ್ತದೆ. ಸಣ್ಣ ಕಾರುಗಳಲ್ಲಿ ಪ್ರತಿ ಕ್ಲೇಮಿನ ಮೊದಲ 1,000 ರೂಪಾಯಿಯನ್ನು ಮಾಲೀಕರೇ ಭರಿಸಬೇಕಾದ್ದರಿಂದ ಬರುವುದು 2,500 ರೂಪಾಯಿ. ಸ್ವಂತ ಹಾನಿಯ ಪ್ರೀಮಿಯಂ 8,000 ಎಂದಾದರೆ ಮುಂದಿನ ನವೀಕರಣದಲ್ಲಿ ಸಿಗಬೇಕಿದ್ದ ಶೇ. 35ರ ರಿಯಾಯಿತಿ 2,800 ರೂಪಾಯಿ, ಅದು ಆ ವರ್ಷವೇ ಹೋಗುವುದಲ್ಲದೆ ನಂತರದ ವರ್ಷಗಳ ಏರಿಕೆಯೂ ಮೊದಲಿನಿಂದ ಆರಂಭವಾಗಬೇಕು. ಪಕ್ಕದ ಲಾಡ್ಜಿಗಿಂತ 200 ರೂಪಾಯಿ ಕಡಿಮೆಯೆಂದು ಆರಿಸಿಕೊಂಡ ಕೋಣೆ ಹೀಗೆ ನಾಲ್ಕು ಸಾವಿರದ ಹತ್ತಿರಕ್ಕೆ ಬಂದು ನಿಂತಿತು. ಅಂದಿನಿಂದ ಲೇಖಕ ಕಾರು ನಿಲ್ಲಿಸಿದೊಡನೆ ನಾಲ್ಕೂ ಬದಿಯ ಫೋಟೋ ತೆಗೆಯುವುದನ್ನು, ರಸೀದಿಯಲ್ಲಿ ಗಾಡಿಯ ಸಂಖ್ಯೆ ಬರೆಸುವುದನ್ನು ತಪ್ಪಿಸಿಲ್ಲ.

ತೆರಿಗೆಯ ವಿಚಾರದಲ್ಲಿಯೂ ಸಣ್ಣ ಲಾಡ್ಜಿಗೆ ನೇರವಾಗಿ ಫೋನ್ ಮಾಡಿ ಕೋಣೆ ಹೇಳುವುದು ಮೇಲು. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದಿದೆಯಾದರೂ, ಸೇವಾ ವ್ಯವಹಾರದ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದವರು ನೋಂದಣಿ ಮಾಡಿಸಬೇಕಾಗಿಲ್ಲ, ನೋಂದಣಿಯಿಲ್ಲದವರು ತೆರಿಗೆ ವಸೂಲಿ ಮಾಡುವಂತಿಲ್ಲ. 800 ರೂಪಾಯಿಯ 10 ಕೋಣೆಗಳಲ್ಲಿ ನಿತ್ಯ ಆರು ತುಂಬಿದರೆ ವರ್ಷದ ವಹಿವಾಟು 17,52,000 ರೂಪಾಯಿ. ಅಂದರೆ ಇಂಥ ಲಾಡ್ಜು ಮಿತಿಯೊಳಗೇ ಇರುತ್ತದೆ. ಅದೇ ಕೋಣೆಯನ್ನು ಆ್ಯಪ್ ಮೂಲಕ ಹಿಡಿದರೆ, ನೋಂದಣಿಯಿಲ್ಲದ ಲಾಡ್ಜಿನ ಪರವಾಗಿ ಆ್ಯಪ್ ಸಂಸ್ಥೆಯೇ ತೆರಿಗೆ ಕಟ್ಟಬೇಕೆಂಬ ನಿಯಮವಿರುವುದರಿಂದ ಆ ಮೊತ್ತ ಬಿಲ್ಲಿಗೆ ಸೇರುತ್ತದೆ, ಲಾಡ್ಜಿನವರ ಪಾಲಿನಿಂದ ಕಮಿಷನ್ನೂ ಕಳೆಯುತ್ತದೆ. ಕೂಲಿಗಾಗಿ ದಿನವೂ ನೂರು ಕಿಲೋಮೀಟರ್ ಆಚೆ ಹೋಗುವ ಊರಿನಲ್ಲಿ, ಕೋಣೆ ಗುಡಿಸುವವಳಿಗೂ ರೂಮ್ ಬಾಯ್‌ಗೂ ಗೇಟು ಕಾಯುವ ಮುದುಕರಿಗೂ ಸಂಬಳ ಹುಟ್ಟುವ ಈ ಹಣ ಅಲ್ಲಿಯೇ ಪೂರ್ತಿ ನಿಲ್ಲಬೇಕೆಂಬುದು ಲೇಖಕನ ಖಚಿತ ಅಭಿಪ್ರಾಯ.

ಅಂಗಳಕ್ಕೆ ಬಂದಿರುವ ಕುತ್ತು ಬೇರೆಯದು. ರಸ್ತೆಗೆ ಮುಖಮಾಡಿದ ಆ ಜಾಗದಲ್ಲಿ ನಾಲ್ಕು ಮಳಿಗೆ ಕಟ್ಟಿ ತಲಾ 5,000ಕ್ಕೆ ಬಾಡಿಗೆಗೆ ಕೊಟ್ಟರೆ ತಿಂಗಳಿಗೆ 20,000 ರೂಪಾಯಿ ನಿಶ್ಚಿತ ವರಮಾನ, ಜೊತೆಗೆ ಒಂದೇ ಕಂತಿನಲ್ಲಿ ಅಡ್ವಾನ್ಸು. ಗಣಿ ಮುಚ್ಚಿದ ಊರಿನಲ್ಲಿ ಯಾವ ಮಾಲೀಕರಿಗೂ ಇದು ಸಣ್ಣ ಆಸೆಯಲ್ಲ. ಆದರೆ 800 ರೂಪಾಯಿಯ ಕೋಣೆಯ ಲೆಕ್ಕದಲ್ಲಿ ಆ 20,000 ಎಂದರೆ ತಿಂಗಳಿಗೆ 25 ಕೋಣೆ, ದಿನಕ್ಕೆ ಒಂದೂ ಅಲ್ಲ; ಬಟ್ಟೆ ಒಗೆಸುವ, ನೀರು ಕಾಯಿಸುವ ಖರ್ಚು ಕಳೆದರೂ ದಿನಕ್ಕೆ ಇಬ್ಬರು ಕಾರಿನ ಗಿರಾಕಿಗಳು ಜಾಗವಿಲ್ಲವೆಂದು ಮುಂದೆ ಹೋದರೆ ಮಳಿಗೆಯ ಲಾಭ ಕರಗಿಹೋಗುತ್ತದೆ. ಬೇತಮಂಗಲದ ಕಡೆಗೆ ಹೊಸ ಎಕ್ಸ್‌ಪ್ರೆಸ್‌ವೇ ಬಂದಿರುವಾಗ ಕಾರುಗಳು ಹೆಚ್ಚಬಹುದೇ ಹೊರತು ತಗ್ಗಲಾರವು. ಈ ಲೆಕ್ಕವನ್ನು ಲೇಖಕ ಹಿಂದಿನ ಡಿಸೆಂಬರಿನಲ್ಲಿ ಮ್ಯಾನೇಜರ ಮುಂದೆ ರಸೀದಿಯ ಬೆನ್ನ ಮೇಲೆ ಬರೆದು ತೋರಿಸಿದಾಗ ಅವರು ಎರಡು ಸಲ ಓದಿ, ಮಾಲೀಕರಿಗೆ ಕೊಡುತ್ತೇನೆಂದು ಮಡಚಿ ಮೇಜಿನ ಖಾನೆಯಲ್ಲಿ ಇಟ್ಟುಕೊಂಡರು. ಅಷ್ಟರಲ್ಲಾಗಲೇ ಬೇವಿನ ಮರದ ಬದಿಯಲ್ಲಿ ತಳಪಾಯಕ್ಕೆ ಸುಣ್ಣದ ಗೆರೆ ಎಳೆದಾಗಿತ್ತು, ತಗಡಿನ ಮಾಡಿನ ಕೆಳಗೆ ಮೂರು ಕಾರಿಗೆ ಮಾತ್ರ ಜಾಗ ಉಳಿದಿತ್ತು.