ಬಾಟಲಿ ಮೇಲಿನ ಮಾತು: ಬಿ.ಜಿ. ಕೆರೆಯ ಶೇಂಗಾ ಎಣ್ಣೆಗೆ ಲೇಬಲ್ ಮಾಡಿದ ಪಾಠ

ಕಳೆದ ರಜೆಯಲ್ಲಿ ಸಂಘದ ನಾವು ಮೂವರು ಲೇಬಲ್ ಡಿಸೈನ್ ಕಲೀಬೇಕು ಅಂತ ಕೂತೆವು. ಯೂಟ್ಯೂಬಿನಲ್ಲಿ ಹುಡುಕಿದರೆ ಒಳ್ಳೇ ಪಾಠಗಳಲ್ಲಿ ಬಹುಪಾಲು ಒಂದೇ ಗುಂಪಿನವು: ಮನೆಯಲ್ಲೇ ಬಿಯರ್ ಮಾಡುವ ಅಮೆರಿಕದವರದು. ಅಲ್ಲಿ 1978ರ ಕಾನೂನಿನ ನಂತರ ಸ್ವಂತ ಬಳಕೆಗೆ ಬಿಯರ್ ಮಾಡಿಕೊಳ್ಳೋದಕ್ಕೆ ಕೇಂದ್ರ ಸರ್ಕಾರದ ಅಡ್ಡಿ ಇಲ್ಲ. ಹಾಗಾಗಿ ಪ್ರತಿ ಬಾಟಲಿಗೂ ತಾವೇ ಹೆಸರಿಟ್ಟು, ಚಿತ್ರ ಬರೆದು, ಅಂಟಿಸಿ ಗೆಳೆಯರಿಗೆ ಕೊಡುವ ದೊಡ್ಡ ಹವ್ಯಾಸವೇ ಬೆಳೆದಿದೆ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಿಯರ್ ಮಾಡಿದರೆ 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ. ಹಾಸ್ಟೆಲಿನ ಮಹನೀಯರು ಇದನ್ನ ಎರಡು ಸಲ ಓದಿಕೊಳ್ಳಿ.

ಆದರೆ ಬಾಟಲಿಯೊಳಗೆ ಏನಿದ್ದರೂ ಲೇಬಲ್ಲಿನ ಲೆಕ್ಕ ಒಂದೇ. ನಮ್ಮ ಕ್ಲಾಸ್‌ಮೇಟ್ ಒಬ್ಬನ ಊರು ಮೊಳಕಾಲ್ಮೂರು ತಾಲ್ಲೂಕಿನ ಬಿ.ಜಿ. ಕೆರೆ, ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯಲ್ಲಿದೆ. ಮಳೆ ಕಡಿಮೆ, ಬೆಳೆ ಶೇಂಗಾ. ಪಕ್ಕದ ಚಳ್ಳಕೆರೆಗೆ ಎಣ್ಣೆ ಮಿಲ್ಲುಗಳಿಂದಲೇ 'ಎಣ್ಣೆ ನಗರಿ' ಅಂತ ಹೆಸರು; ಈಗ ಆ ಮಿಲ್ಲುಗಳಲ್ಲಿ ಎಷ್ಟೋ ಬಾಗಿಲು ಹಾಕಿವೆ. ಗೆಳೆಯನ ಅಮ್ಮ ತಮ್ಮ ಹೊಲದ ಶೇಂಗಾವನ್ನ ಗಾಣದಲ್ಲಿ ಹಾಕಿಸಿ, ಗಸಿ ಇಳಿಸಿ, ಬಾಟಲಿಗೆ ತುಂಬಿ ಬೆಂಗಳೂರಿನ ನೆಂಟರಿಗೆ ಕಳಿಸೋರು. ನೆಂಟರ ಅಪಾರ್ಟ್‌ಮೆಂಟಿನವರೂ ಕೇಳತೊಡಗಿದರು. "ಒಂದು ಚೀಟಿ ಅಂಟಿಸಿ ಕೊಡ್ರಪ್ಪಾ" ಅಂದರು ಅಮ್ಮ. ನಾವು ಲ್ಯಾಪ್‌ಟಾಪ್ ಹೊತ್ತುಕೊಂಡು ಹೊರಟೆವು.

ಮೊದಲು ಬಾಟಲಿ ಅಳೆಯಿರಿ, ಆಮೇಲೆ ಡಿಸೈನ್. ನಾವು ಉಲ್ಟಾ ಮಾಡಿದ್ದೆವು. ಗಾಜಿನ ಬಾಟಲಿ ನೋಡೋಕೆ ಸಿಲಿಂಡರ್ ಥರ ಇತ್ತು. ದಾರ ಸುತ್ತಿ ಅಳೆದರೆ ಕೆಳಗಿನ ಸುತ್ತಳತೆ 252 ಮಿ.ಮೀ., ಅಲ್ಲಿಂದ 100 ಮಿ.ಮೀ. ಮೇಲೆ 240. ಅಂದರೆ ಅದು ಕೋನ್. ಕೋನನ್ನ ಬಿಡಿಸಿ ಹಾಸಿದರೆ ಆಯತ ಬರೋದಿಲ್ಲ, ದೊಡ್ಡ ವೃತ್ತದ ಒಂದು ತುಂಡು ಬರುತ್ತೆ. ಅದರ ತ್ರಿಜ್ಯ 100 × 252 ÷ (252 − 240), ಅಂದರೆ 2100 ಮಿ.ಮೀ. ಪೂರ್ತಿ ಸುತ್ತುವ ಲೇಬಲ್ ಮಾಡಿದರೆ ಆ ತುಂಡಿನ ಕೋನ ಸುಮಾರು 7 ಡಿಗ್ರಿ; ನೇರವಾದ ಪಟ್ಟಿ ಸುತ್ತಿದರೆ ಕೊನೆಯ ಅಂಚು ಶುರುವಿನ ಅಂಚಿಗೆ ಕೂಡೋದೇ ಇಲ್ಲ, ಮಡತೆ ಬೀಳುತ್ತೆ. 120 ಮಿ.ಮೀ. ಅಗಲದ ಲೇಬಲ್ ಮುಂದುಗಡೆ ಮಾತ್ರ ಹಚ್ಚಿದರೆ ಬೇಕಾದ ಬಾಗು w²/8R, ಅಂದರೆ 0.86 ಮಿ.ಮೀ. ಅಷ್ಟನ್ನ ಸ್ಟಿಕರ್ ತಡಕೊಳ್ಳುತ್ತೆ. ಅದಕ್ಕೇ ಮುಂದೊಂದು, ಹಿಂದೊಂದು, ಎರಡು ಲೇಬಲ್ ಮಾಡಿದೆವು. ಎದುರು ನಿಂತವರಿಗೆ ಹೇಗೂ ಸುತ್ತಳತೆಯ ಮೂರನೇ ಒಂದು ಪಾಲಷ್ಟೇ ನೆಟ್ಟಗೆ ಕಾಣೋದು. ಹೆಸರು ಅದರೊಳಗೇ ಮುಗೀಬೇಕು.

ಅಂಟಿಗೆ ಬಿಯರ್‌ನವರ ಒಂದು ಉಪಾಯ ಇದೆ: ಹಾಲು. ಸಾದಾ ಕಾಗದದ ಹಿಂಭಾಗಕ್ಕೆ ತೆಳ್ಳಗೆ ಹಾಲು ಸವರಿ ಗಾಜಿಗೆ ಒತ್ತಿದರೆ, ಒಣಗಿದ ಮೇಲೆ ಹಾಲಿನ ಕೇಸಿನ್ ಪ್ರೋಟೀನು ಗಟ್ಟಿಯಾಗಿ ಹಿಡಿಯುತ್ತೆ. ಬಾಟಲಿ ವಾಪಸ್ ಬಂದಾಗ ನೀರಲ್ಲಿ ನೆನೆಸಿದರೆ ಸಲೀಸಾಗಿ ಬಿಡುತ್ತೆ. ಬಿ.ಜಿ. ಕೆರೆಯಲ್ಲೂ ಚೆನ್ನಾಗೇ ಹಿಡೀತು. ಕೆಟ್ಟದ್ದು ಕಾಗದ. ಬಗ್ಗಿಸಿದಾಗ ಒಂದು ಹನಿ ಬಾಟಲಿಯ ಬಾಯಿಂದ ಇಳಿದು ಲೇಬಲ್ಲಿಗೆ ತಾಗಿತು, ಆ ಜಾಗ ಪಾರದರ್ಶಕ ಆಗಿಹೋಯ್ತು. ಕಾಗದ ಬೆಳ್ಳಗೆ ಕಾಣೋದು ನಾರುಗಳ ನಡುವೆ ಗಾಳಿ ಇರೋದರಿಂದ. ಗಾಳಿಯ ವಕ್ರೀಭವನಾಂಕ 1, ಸೆಲ್ಯುಲೋಸಿನದು 1.5ರ ಹತ್ತಿರ, ಶೇಂಗಾ ಎಣ್ಣೆಯದು ಸುಮಾರು 1.47. ಗಾಳಿಯ ಜಾಗಕ್ಕೆ ಎಣ್ಣೆ ಬಂದರೆ ಬೆಳಕು ಚದುರದೆ ದಾಟಿಬಿಡುತ್ತೆ. ವಡೆ ಕಟ್ಟಿದ ಪೇಪರಿನ ಫಿಸಿಕ್ಸು. ಆದ್ದರಿಂದ ಎಣ್ಣೆಗೆ ಪ್ಲಾಸ್ಟಿಕ್ ಫಿಲ್ಮಿನ ಸ್ಟಿಕರ್ರೇ ಸರಿ. ಹಾಲಿನ ಉಪಾಯ ಶರಬತ್ತಿಗೋ ಜೇನಿಗೋ ಇಟ್ಟುಕೊಳ್ಳಿ. ಇಂಕ್‌ಜೆಟ್ ಪ್ರಿಂಟು ಯಾವುದಕ್ಕೂ ಬೇಡ, ಒದ್ದೆ ಕೈ ಸೋಕಿದರೆ ಬಣ್ಣ ಹರಿಯುತ್ತೆ.

ಇನ್ನು ಅಕ್ಷರ. ಬಾಲೂ ತಮ್ಮ, ಬೆಣ್ಣೆ, ತಿರೋ ಕನ್ನಡ, ಅಕಾಯ ಕನ್ನಡಕ: ಈ ಯೂನಿಕೋಡ್ ಫಾಂಟುಗಳು ಗೂಗಲ್ ಫಾಂಟ್ಸಿನಲ್ಲಿ ಪುಕ್ಕಟೆ ಸಿಗುತ್ತವೆ, ಮಾರಾಟದ ಸರಕಿಗೂ ಬಳಸಬಹುದು. ಇಂಗ್ಲಿಷಿಗೆ ಇಟ್ಟ ಸಾಲಿನ ಅಂತರವನ್ನೇ ಕನ್ನಡಕ್ಕೂ ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಕುಟ್ಟುತ್ತೆ; ಅಕ್ಷರದ ಅಳತೆಯ ಒಂದೂವರೆಯಷ್ಟು ಅಂತರ ಕೊಡಿ. ನಾವು ಕಳಿಸಿದ ಫೈಲನ್ನ ಪ್ರಿಂಟಿಂಗ್ ಅಂಗಡಿಯವರು ಹಳೇ ಸಾಫ್ಟ್‌ವೇರಿನಲ್ಲಿ ತೆರೆದರು, 'ಎಣ್ಣೆ' ಹೋಗಿ 'ಎಣ್‌ಣೆ' ಆಯ್ತು. ತಪ್ಪು ಅವರದಲ್ಲ, ಅಕ್ಷರಗಳನ್ನ ಔಟ್‌ಲೈನ್‌ಗೆ ಬದಲಿಸಿ ಪಿಡಿಎಫ್ ಕೊಡಬೇಕಿದ್ದದ್ದು ನಾವು. ಕೊಟ್ಟ ಮೇಲೂ ಒಂದು ಪ್ರೂಫ್ ತೆಗೆಸಿ, ಕಣ್ಣಾರೆ ಓದಿ.

ಡಿಸೈನಿಗೆ ಅಂತ ನಾವು ಬಲು ಉತ್ಸಾಹದಿಂದ ಎತ್ತಿನ ಗಾಣದ ಚಿತ್ರ ಬರೆದಿದ್ದೆವು; ಸುತ್ತ ಮೊಳಕಾಲ್ಮೂರು ಸೀರೆಯ ಅಂಚು. ಅಮ್ಮ ಕನ್ನಡಕ ಹಾಕ್ಕೊಂಡು ನೋಡಿದರು. "ಎತ್ತು ಎಲ್ಲೈತಪ್ಪಾ ನಮ್ ಗಾಣದಾಗೆ? ಮೋಟ್ರು ತಿರುಗ್ಸೋದು." ಎತ್ತು ಅಳಿಸಿದೆವು. ಸೀರೆಯ ಅಂಚು ನೋಡಿ, "ಇದೇನು ಸೀರೆ ಬಾಕ್ಸಾ?" ಅಂದರು. ಅದೂ ಹೋಯ್ತು. 'ಹೃದಯಕ್ಕೆ ಹಿತ' ಅಂತ ನಾವು ಸೇರಿಸಿದ್ದ ಸಾಲನ್ನ ಅಳಿಸಿದ್ದು ಕಾನೂನು: ಖಾದ್ಯ ತೈಲದ ಲೇಬಲ್ಲಿನಲ್ಲಿ ಅಂಥ ಉತ್ಪ್ರೇಕ್ಷೆ ಬರೆಯುವಂತಿಲ್ಲ. 'ಕೊಲೆಸ್ಟ್ರಾಲ್ ಇಲ್ಲ' ಅಂತ ಬರೆಯೋಣ ಅಂದುಕೊಂಡೆವು. ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಹೇಳಿಕೊಳ್ಳುವಷ್ಟು ಕೊಲೆಸ್ಟ್ರಾಲ್ ಇರೋದಿಲ್ಲ, ಅದರಲ್ಲಿ ಹೆಚ್ಚುಗಾರಿಕೆ ಏನು ಬಂತು?

ಇಷ್ಟೆಲ್ಲ ತಿದ್ದಿದವರು ದೊಡ್ಡ ತಪ್ಪೊಂದನ್ನ ಹಾಗೇ ಬಿಟ್ಟಿದ್ದೆವು. ಮುಂಭಾಗದಲ್ಲಿ ದಪ್ಪಗೆ '1 ಕೆ.ಜಿ.' ಅಂತ ಹಾಕಿದ್ದೆವು, ತುಂಬಿದ್ದು ಒಂದು ಲೀಟರ್. ನೀರಾಗಿದ್ದರೆ ಸರಿ. ಶೇಂಗಾ ಎಣ್ಣೆಯ ಸಾಂದ್ರತೆ ಲೀಟರಿಗೆ ಸುಮಾರು 910 ಗ್ರಾಂ. ಮೊದಲ ಇಪ್ಪತ್ತು ಬಾಟಲಿ ಬೆಂಗಳೂರಿಗೆ ಹೋದವು, ಯಾರೋ ತೂಕಕ್ಕಿಟ್ಟರು, 90 ಗ್ರಾಂ ಕಮ್ಮಿ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ತಕ್ಕಡಿಯ ಫೋಟೋ ಬಂತು, ಕೆಳಗೆ 'ಹಳ್ಳಿಯವರೂ ಕಲಿತುಬಿಟ್ಟರು' ಅಂತ ಒಂದು ಸಾಲು. ಅಮ್ಮ ನಮಗೆ ಫೋನ್ ಮಾಡಿ ಬೈಯಲಿಲ್ಲ. "ನಾನು ಅಳತೆ ಕಮ್ಮಿ ಕೊಡೋಳೇನಪ್ಪಾ?" ಅಂತ ಒಂದೇ ಮಾತು ಕೇಳಿದರು. ಇಂಜಿನಿಯರಿಂಗ್ ಓದೋ ಮೂರು ಜನರಿಗೆ ಸಾಂದ್ರತೆ ನೆನಪಾಗಿರಲಿಲ್ಲ. ಮಾತು ಕೇಳಿದ್ದು ಅವರು. ಗುಂಪಿನಲ್ಲಿ ತಪ್ಪು ನಮ್ಮದು ಅಂತ ಬರೆದೆವು, ಇಪ್ಪತ್ತು ಮನೆಗೂ ನೂರು ನೂರು ಎಂ.ಎಲ್. ಎಣ್ಣೆ ನಮ್ಮ ದುಡ್ಡಲ್ಲಿ ಕಳಿಸಿದೆವು. ಈಗಿನ ಲೇಬಲ್ಲಿನಲ್ಲಿ '1 ಲೀಟರ್ (910 ಗ್ರಾಂ)' ಅಂತ ಎರಡೂ ಇದೆ. ಅಂಕಿ 4 ಮಿ.ಮೀ.ಗಿಂತ ಚಿಕ್ಕದು ಮಾಡಿಲ್ಲ; ಕನಿಷ್ಠ ಎತ್ತರಕ್ಕೂ ನಿಯಮ ಇದೆ, ನೋಡಿಕೊಳ್ಳಿ.

ಹಿಂಭಾಗದ ಲೇಬಲ್ಲನ್ನ ಯಾರೂ ಪ್ರೀತಿಯಿಂದ ಮಾಡೋದಿಲ್ಲ, ಆದರೆ ಕಾನೂನು ಕೇಳೋದೆಲ್ಲ ಅಲ್ಲೇ ಕೂರಬೇಕು: ತಯಾರಿಸಿದವರ ಹೆಸರು ವಿಳಾಸ, ಬ್ಯಾಚ್, ತಯಾರಿಸಿದ ದಿನ, ಬಳಕೆಯ ಕೊನೆ ದಿನ, ತೆರಿಗೆ ಸೇರಿದ ಎಂಆರ್‌ಪಿ, ದೂರಿಗೆ ಫೋನ್ ನಂಬರು, 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ. ಈ ಸಂಖ್ಯೆ ಮೊದಲು ಮಾಡಿಸಿ, ಲೇಬಲ್ ಆಮೇಲೆ. ನಾವು ಇದರಲ್ಲೂ ಉಲ್ಟಾ. ಕನ್ನಡ ಸಂಘದವರಿಗೆ ಕಹಿ ಅನ್ನಿಸುವ ವಿಷಯ ಒಂದಿದೆ: ಈ ಕಡ್ಡಾಯ ವಿವರಗಳು ಇಂಗ್ಲಿಷ್ ಅಥವಾ ದೇವನಾಗರಿಯ ಹಿಂದಿಯಲ್ಲಿ ಇರಲೇಬೇಕು, ಕನ್ನಡ ಜೊತೆಗೆ ಇರಬಹುದು ಅಷ್ಟೇ. ಕರ್ನಾಟಕದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಇಲ್ಲಿ ತಯಾರಾಗಿ ಇಲ್ಲೇ ಮಾರುವ ಸರಕಿನ ಹೆಸರು, ಬಳಕೆಯ ವಿಧಾನ ಸಾಧ್ಯವಾದಷ್ಟೂ ಕನ್ನಡದಲ್ಲೂ ಇರಲಿ ಅನ್ನುತ್ತೆ. ನಾವು ಮುಂಭಾಗವನ್ನ ಕನ್ನಡಕ್ಕೆ ದೊಡ್ಡದಾಗಿ ಬಿಟ್ಟು, ಹಿಂಭಾಗದಲ್ಲಿ ಎರಡೂ ಭಾಷೆ ಹಾಕಿದೆವು. ಜಾಗ ಸಾಲದಾದಾಗ ಕಿತ್ತದ್ದು ನಮ್ಮ ಚಿತ್ರಗಳನ್ನ.

ವಿಳಾಸಕ್ಕೆ 'ಚಳ್ಳಕೆರೆ ಎಣ್ಣೆ' ಅಂತ ಹಾಕಿದರೆ ಹೆಚ್ಚು ಹೋಗುತ್ತೆ ಅಂತ ನಮ್ಮಲ್ಲೊಬ್ಬನ ವಾದ. ಇದೇ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, ಅಶೋಕನ ಶಾಸನದ ಕೊನೆಗೆ ಬರೆದ ಲಿಪಿಕಾರ ಚಪಡ ತನ್ನ ಹೆಸರು ಹಾಕಿಕೊಂಡಿದ್ದಾನೆ. 'ಲಿಪಿಕಾರ' ಅನ್ನೋದನ್ನ ಮಾತ್ರ ಇಲ್ಲಿನ ಬ್ರಾಹ್ಮಿ ಬಿಟ್ಟು ಖರೋಷ್ಠಿಯಲ್ಲಿ ಬರೆದಿದ್ದಾನೆ. ಚಕ್ರವರ್ತಿಯ ಮಾತಿನ ಕೆಳಗೂ ಮಾಡಿದವನ ಹೆಸರು! ಗೆಳೆಯ ಇದನ್ನ ಹೇಳಿದ ಮೇಲೆ ವಾದ ಮುಗೀತು. ಲೇಬಲ್ಲಿನಲ್ಲಿ ಅಮ್ಮನ ಹೆಸರು, ಬಿ.ಜಿ. ಕೆರೆ, ಮೊಳಕಾಲ್ಮೂರು ತಾಲ್ಲೂಕು.

ಬ್ಯಾಚ್ ಮತ್ತು ದಿನಾಂಕದ ಜಾಗ ಖಾಲಿ ಬಿಟ್ಟು ಪ್ರಿಂಟ್ ಹಾಕಿಸಿದ್ದೇವೆ, ಗಾಣದಿಂದ ಬಂದ ದಿನ ಅಮ್ಮನೇ ಬರೀತಾರೆ. ಈಗ ತುಂಬೋ ಮುಂಚೆ ಲೀಟರ್ ಮಾಪು, ತುಂಬಿದ ಮೇಲೆ ತಕ್ಕಡಿ, ಎರಡೂ. ಫಿಲ್ಮಿನ ಮೇಲೆ ಬಾಲ್‌ಪೆನ್ ಹತ್ತೋದಿಲ್ಲ, ಪರ್ಮನೆಂಟ್ ಮಾರ್ಕರ್ ಬೇಕು. ಮುಂದಿನ ವಾರ ಊರಿಗೆ ಹೋಗುವ ಗೆಳೆಯನ ಬ್ಯಾಗಿನಲ್ಲಿ ನಾಲ್ಕು ಹಾಕಿದ್ದೇವೆ.