ಅಂಕ ಆಮೇಲೆ ಮಗಳೇ, ಮೊದಲು ವರದಿ ಓದು

‘ಮಾವ, ನನ್ನ ಸಿಬಿಲ್ 690 ತೋರಿಸ್ತಿದೆ, ಇನ್ನು ನನಗೆ ಸಾಲ ಸಿಗಲ್ವಾ?’ ಅಂತ ನೀನು ಫೋನಿನಲ್ಲಿ ಕೇಳಿದಾಗ ದನಿಯಲ್ಲೇ ಕಳವಳ ಗೊತ್ತಾಗುತ್ತಿತ್ತು. ಅಷ್ಟು ಹೆದರುವಂಥದ್ದು ಏನೂ ಆಗಿಲ್ಲ, ಪುಟ್ಟಿ. ಸರ್ವಿಸಿನ ಬಹುಪಾಲು ಬ್ಯಾಂಕಿನ ಸಾಲದ ವಿಭಾಗದಲ್ಲೇ ಕಳೆದವನು ನಾನು. ಕೈತುಂಬ ಸಂಬಳ ಇದ್ದೂ ಅಂಕ ಕುಸಿದವರು ನನ್ನೆದುರು ಕೂತಿದ್ದಾರೆ, ಸಣ್ಣ ಕಿರಾಣಿ ಅಂಗಡಿ ನಡೆಸುತ್ತ 800 ದಾಟಿದವರೂ ಕೂತಿದ್ದಾರೆ. ನಿನ್ನ ಸಂಬಳ ಎಷ್ಟು, ಉಳಿತಾಯ ಎಷ್ಟು, ಅಪ್ಪನ ಹೆಸರಿನಲ್ಲಿ ಎಷ್ಟು ಎಕರೆ ಇದೆ, ಇದ್ಯಾವುದೂ ಆ ಅಂಕದ ಲೆಕ್ಕಕ್ಕೆ ಬರುವುದಿಲ್ಲ. ತೆಗೆದುಕೊಂಡ ಸಾಲವನ್ನು ಹೇಳಿದ ತಾರೀಕಿಗೆ ಕಟ್ಟಿದೆಯಾ, ಸಿಗುವ ಸಾಲದಲ್ಲಿ ಎಷ್ಟು ಬಳಸಿಕೊಂಡಿದ್ದೀಯಾ, ಎಷ್ಟು ಕಡೆ ಸಾಲ ಕೇಳಿಕೊಂಡು ಹೋಗಿದ್ದೀಯಾ, ಅದಕ್ಕೆ ಮುಖ್ಯವಾಗಿ ಬೇಕಾದದ್ದು ಇಷ್ಟೇ.

ಅಂಕ 300ರಿಂದ 900ರ ನಡುವೆ ಇರುತ್ತದೆ. 750 ದಾಟಿದವರನ್ನು ಸಾಮಾನ್ಯವಾಗಿ ಬ್ಯಾಂಕುಗಳು ಕರೆದು ಕೂರಿಸುತ್ತವೆ. ಹಾಗಂತ ಇಷ್ಟು ಇರಲೇಬೇಕು ಅಂತ ರಿಸರ್ವ್ ಬ್ಯಾಂಕ್ ಗೆರೆ ಎಳೆದಿಲ್ಲ, ಆ ಗೆರೆ ಆಯಾ ಬ್ಯಾಂಕಿನದು. ಲೆಕ್ಕ ಇಡುವವರು ಸಿಬಿಲ್ ಒಂದೇ ಅಲ್ಲ. ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಸೇರಿ ನಮ್ಮಲ್ಲಿ ನಾಲ್ಕು ಕಂಪನಿಗಳಿವೆ. ಎಲ್ಲವೂ ಇದಕ್ಕೆಂದೇ ಬಂದ 2005ರ ಕಾಯ್ದೆಯಡಿ, ರಿಸರ್ವ್ ಬ್ಯಾಂಕಿನ ಕಣ್ಗಾವಲಿನಲ್ಲಿ ನಡೆಯುತ್ತವೆ. ಒಂದರಲ್ಲಿ 690 ಇದ್ದದ್ದು ಇನ್ನೊಂದರಲ್ಲಿ ಸ್ವಲ್ಪ ಮೇಲೆ ಕೆಳಗೆ ಇರಬಹುದು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ.

ನೀನು ನೋಡಿದ್ದು ಅಂಕ ಮಾತ್ರ, ಅದೂ ಯಾವುದೋ ಆ್ಯಪಿನಲ್ಲಿ. ನಾನು ಹೇಳುತ್ತಿರುವುದು ಪೂರ್ತಿ ವರದಿಯ ಬಗ್ಗೆ. ಈ ನಾಲ್ಕೂ ಕಂಪನಿಗಳು ವರ್ಷಕ್ಕೆ ಒಂದು ಸಲ ಪೂರ್ತಿ ವರದಿಯನ್ನು ಕಾಸು ತೆಗೆದುಕೊಳ್ಳದೆ ಕೊಡಬೇಕು ಅಂತ 2017ರಿಂದ ನಿಯಮವೇ ಇದೆ. ಸಂಕ್ರಾಂತಿಗೆ ಒಂದು ಕಂಪನಿಯದು, ಯುಗಾದಿಗೆ ಒಂದು, ಗೌರಿ ಹಬ್ಬಕ್ಕೆ ಒಂದು, ದೀಪಾವಳಿಗೆ ಒಂದು ತೆಗೆದರೆ ವರ್ಷವಿಡೀ ಕಣ್ಣಿಟ್ಟ ಹಾಗಾಯಿತು. ನಿನ್ನ ವರದಿಯನ್ನು ನೀನೇ ನೋಡಿದರೆ ಅಂಕ ಇಳಿಯುತ್ತದೆ ಅನ್ನುವುದು ಸುಳ್ಳು. ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕಿನವರು ತೆಗೆದು ನೋಡುತ್ತಾರಲ್ಲ, ಅದು ಎನ್‌ಕ್ವೈರಿ ಅಂತ ದಾಖಲಾಗುತ್ತದೆ. ಒಂದೇ ತಿಂಗಳಲ್ಲಿ ಐದಾರು ಕಡೆ ಅರ್ಜಿ ಹಾಕಿದರೆ, ಈ ಹುಡುಗಿಗೆ ಏನೋ ಕಷ್ಟ ಇರಬೇಕು ಅಂತ ಓದುವವರು ಅಂದುಕೊಳ್ಳುತ್ತಾರೆ. ಲೋನ್ ಆ್ಯಪುಗಳಲ್ಲಿ ‘ಎಷ್ಟು ಸಿಗುತ್ತೆ ನೋಡೋಣ’ ಅಂತ ಒತ್ತುವುದನ್ನು ಇವತ್ತೇ ನಿಲ್ಲಿಸು.

ವರದಿಯಲ್ಲಿ ಪ್ರತಿ ಸಾಲದ ಕೆಳಗೂ ತಿಂಗಳಿಗೊಂದು ಚೌಕ ಇರುತ್ತದೆ, ಸಿಬಿಲ್‌ನದ್ದಾದರೆ ಹಿಂದಿನ 36 ತಿಂಗಳವರೆಗೆ. 000 ಅಂತ ಇದ್ದರೆ ಬಾಕಿ ಇಲ್ಲ. 028 ಅಂತ ಇದ್ದರೆ 28 ದಿನ ತಡ. 90 ದಿನ ಮೀರಿದರೆ ಆ ಖಾತೆ ಎನ್‌ಪಿಎ (ಕೆಟ್ಟ ಸಾಲಗಳ) ಪಟ್ಟಿಗೆ ಬೀಳುತ್ತದೆ. ನಿನ್ನ ವಿಷಯದಲ್ಲಿ ನನ್ನ ಅನುಮಾನ ವಿದ್ಯಾಸಾಲದ ಮೇಲೆ. ಓದು ಮುಗಿದ ಮೇಲೆ ಕೊಟ್ಟ ಬಿಡುವು ಮುಗಿದು ಕಂತು ಶುರುವಾಗುವ ಹೊತ್ತಿಗೆ ಮಕ್ಕಳು ಊರು ಬಿಟ್ಟಿರುತ್ತಾರೆ, ಕೆಲಸದ ಕಡೆ ಹೊಸ ಸಂಬಳದ ಖಾತೆ ತೆರೆದಿರುತ್ತಾರೆ. ಕಂತು ಕಡಿತಕ್ಕೆ ಬರೆದುಕೊಟ್ಟದ್ದು ಮಾತ್ರ ಹಳೇ ಖಾತೆಗೆ. ಅಲ್ಲಿ ಇನ್ನೂರು ಮುನ್ನೂರು ರೂಪಾಯಿ ಬಿದ್ದಿರುತ್ತದೆ, ಕಂತು ಬೌನ್ಸ್ ಆಗುತ್ತದೆ, ಸೂಚನೆ ಹಳೇ ಮೊಬೈಲ್ ನಂಬರಿಗೆ ಹೋಗುತ್ತದೆ. ದುಡ್ಡು ಇದ್ದೂ ಹೆಸರು ಕೆಡುವುದು ಹೀಗೆ, ಮತ್ತೆ ಮತ್ತೆ ಕಂಡಿದ್ದೇನೆ. ಆ ಸಾಲಕ್ಕೆ ಭಾವನೂ, ಅಂದರೆ ನಿನ್ನ ಅಪ್ಪನೂ, ಸಹ-ಸಾಲಗಾರರು ಅನ್ನುವುದನ್ನು ಮರೆಯಬೇಡ. ನಿನ್ನ ಬಾಕಿ ಅವರ ವರದಿಯಲ್ಲೂ ಕಾಣಿಸುತ್ತದೆ. ನಾಳೆ ಅವರು ಟ್ರ್ಯಾಕ್ಟರ್ ಸಾಲ ಕೇಳಿದರೆ ಅಲ್ಲಿಯೂ ಅದು ಅಡ್ಡ ಬರುತ್ತದೆ. ಸಂಬಳ ಬಂದ ಮೂರು ನಾಲ್ಕು ದಿನಕ್ಕೆ ಹೊಸ ಖಾತೆಯಿಂದಲೇ ಕಂತು ಹೋಗುವ ಹಾಗೆ ಬರೆದುಕೊಡು.

ಕ್ರೆಡಿಟ್ ಕಾರ್ಡಿನ ಮಿತಿ ಒಂದು ಲಕ್ಷ ಇದ್ದರೆ ಬಳಕೆ 30 ಸಾವಿರದೊಳಗೆ ಇರಲಿ. ಬಿಲ್ಲಿನಲ್ಲಿ ‘ಮಿನಿಮಮ್ ಡ್ಯೂ’ ಅಂತ ಇರುತ್ತದಲ್ಲ, ಅದನ್ನು ಕಟ್ಟಿದರೆ ತಡ ಅನ್ನಿಸಿಕೊಳ್ಳುವುದಿಲ್ಲ ನಿಜ. ಆದರೆ ಉಳಿದದ್ದಕ್ಕೆ ಹಲವು ಕಾರ್ಡುಗಳಲ್ಲಿ ವರ್ಷಕ್ಕೆ ಶೇ 40ರ ಹತ್ತಿರ ಬಡ್ಡಿ ಬೆಳೆಯುತ್ತದೆ. ಪೂರ್ತಿ ಕಟ್ಟು. ಇನ್ನೂ ಸಾಲವನ್ನೇ ಮಾಡದ ನಿನ್ನ ತಮ್ಮನಂಥವರಿಗೆ ಅಂಕವೇ ಇರುವುದಿಲ್ಲ. ಅವನು ಸಣ್ಣದೊಂದು ಎಫ್‌ಡಿ ಇಟ್ಟು ಅದರ ಮೇಲೆ ಕಾರ್ಡು ತೆಗೆದುಕೊಂಡರೆ ಸಾಕು.

ಇನ್ನು ಸೆಟ್ಲ್‌ಮೆಂಟ್. ಯಾರೋ ಫೋನ್ ಮಾಡಿ ‘60 ಸಾವಿರದ ಬದಲು 35 ಸಾವಿರ ಕಟ್ಟಿ, ಮುಗಿಸಿಬಿಡೋಣ’ ಅಂತಾರೆ. ಕೇಳಲು ಚೆನ್ನ. ವರದಿಯಲ್ಲಿ ಆ ಸಾಲ ‘ಕ್ಲೋಸ್ಡ್’ ಆಗದೆ ‘ಸೆಟಲ್ಡ್’ ಅಂತ ಉಳಿಯುತ್ತದೆ. ಅದನ್ನು ನೋಡಿದ ಮುಂದಿನ ಬ್ಯಾಂಕಿನವನಿಗೆ, ಪೂರ್ತಿ ಕಟ್ಟಿಲ್ಲ ಅಂತ ಅರ್ಥವಾಗುತ್ತದೆ. ಬೇರೆ ದಾರಿಯೇ ಇಲ್ಲದಾಗ ಮಾತ್ರ ಅದು. ದುಡ್ಡು ಕೊಟ್ಟರೆ ಅಂಕ ಏರಿಸಿಕೊಡುತ್ತೇವೆ ಅನ್ನುವವರ ಹತ್ತಿರವೂ ಸುಳಿಯಬೇಡ. ನಿಜವಾದ ಬಾಕಿಯನ್ನು ಅಳಿಸುವ ಶಕ್ತಿ ಅವರಿಗಿಲ್ಲ, ತಪ್ಪು ದಾಖಲೆ ತಿದ್ದಿಸಲು ಅವರು ಬೇಕಾಗಿಲ್ಲ.

ತಪ್ಪು ಇದ್ದರೆ, ಅಂದರೆ ನೀನು ತೆಗೆಯದ ಸಾಲವೋ, ತೀರಿಸಿದ್ದರೂ ತೆರೆದೇ ಇರುವ ಖಾತೆಯೋ ಕಂಡರೆ, ಆ ಕಂಪನಿಯ ವೆಬ್‌ಸೈಟಿನಲ್ಲೇ ದೂರು ಕೊಡು, ಬ್ಯಾಂಕಿಗೂ ಬರೆ. 30 ದಿನದೊಳಗೆ ಬಗೆಹರಿಸಬೇಕು. ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ನಿನಗೆ ಪರಿಹಾರ ಕೊಡಬೇಕು ಅನ್ನುವ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆಗಲೂ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ಸಾಲ ತೀರಿಸಿದ ದಿನ ‘ಬಾಕಿ ಇಲ್ಲ’ ಅನ್ನುವ ಎನ್‌ಒಸಿ ಕೇಳಿ ಪಡೆದಿಟ್ಟುಕೊಂಡವರಿಗೆ ಈ ಕೆಲಸ ಸುಲಭ.

ಅಕ್ಕನಿಗೂ, ಅಂದರೆ ನಿನ್ನ ಅಮ್ಮನಿಗೂ, ಒಂದು ಮಾತು ಹೇಳು. ಮೈಕ್ರೋಫೈನಾನ್ಸಿನ ಗುಂಪಿನಲ್ಲಿ ಪಕ್ಕದ ಮನೆಯವಳಿಗೆ ಬೇಕು ಅಂತ ತನ್ನ ಹೆಸರಿನಲ್ಲಿ ಸಾಲ ಎತ್ತಿಕೊಡುವುದು ನಮ್ಮ ಕಡೆ ಇದ್ದದ್ದೇ. ದುಡ್ಡು ಬಳಸಿದವರು ಯಾರೇ ಇರಲಿ, ದಾಖಲೆ ಅಕ್ಕನ ಹೆಸರಿಗೇ. ಜಾಮೀನಿನದೂ ಅದೇ ಕಥೆ. ದಾಕ್ಷಿಣ್ಯಕ್ಕೆ ಹಾಕಿದ ಸಹಿಯೂ ನಿನ್ನ ವರದಿಗೆ ಬಂದು ಕೂರುತ್ತದೆ. ‘ಆಗಲ್ಲ’ ಅನ್ನಲು ನಾಲಿಗೆ ಏಳದಿದ್ದರೆ ಮಾವನನ್ನು ಕೇಳಿ ಹೇಳ್ತೀನಿ ಅನ್ನು.

ಇಷ್ಟೆಲ್ಲ ಯಾಕೆ ಅಂದರೆ, ನಾಳೆ ನೀನು 40 ಲಕ್ಷದ ಮನೆಸಾಲ 20 ವರ್ಷಕ್ಕೆ ತೆಗೆದುಕೊಂಡೆ ಅನ್ನು. ಅಂಕ ಚೆನ್ನಾಗಿದ್ದು ಶೇ 9ರ ಬದಲು ಶೇ 8.5ಕ್ಕೆ ಸಿಕ್ಕರೆ ಕಂತಿನಲ್ಲಿ ತಿಂಗಳಿಗೆ ಹೆಚ್ಚುಕಮ್ಮಿ 1,275 ರೂಪಾಯಿ ಉಳಿಯುತ್ತದೆ, ಒಟ್ಟಾರೆ 3 ಲಕ್ಷ ಮೀರುತ್ತದೆ. 690ರಿಂದ 750 ದೂರವೇನಲ್ಲ. 2025ರ ಜನವರಿಯಿಂದ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕು, ಹಾಗಾಗಿ ಬಾಕಿ ಕಟ್ಟಿದ್ದು ಬೇಗ ಕಾಣಿಸುತ್ತದೆ. ಆದರೂ ಅಂಕ ಏರಲು ಆರು ತಿಂಗಳಿಂದ ವರ್ಷ ಹಿಡಿದೀತು, ಅವಸರ ಬೇಡ.

ಮುಂದಿನ ಭಾನುವಾರ ಊರಿಗೆ ಬರುತ್ತೀಯಲ್ಲ, ನಿನ್ನ ವರದಿಯದೂ ಭಾವನ ವರದಿಯದೂ ಪ್ರಿಂಟ್ ಹಾಕಿಸಿಕೊಂಡು ಬಾ. ಹಳೇ ಖಾತೆಯ ಪಾಸ್‌ಬುಕ್ಕೂ ಜೊತೆಗಿರಲಿ. ಕಂತು ಯಾವ ತಿಂಗಳು ತಪ್ಪಿದೆ ಅಂತ ಮೂವರೂ ಕೂತು ಹುಡುಕೋಣ.